ಹಿರಿಯರ ಹುಡುಕಾಟ: ಎಲ್ಲಿಗೆ ನಿಲ್ಲಬೇಕು?

ನಿವೃತ್ತಿಯ ಮರುವರ್ಷವೇ ಮನೆತನದ ಚರಿತ್ರೆಯನ್ನು ಬರೆಯಲು ಕುಳಿತುಕೊಳ್ಳುವುದು ಹೊರನಾಡ ಕನ್ನಡಿಗರಲ್ಲಿ ಅಪರೂಪದ ಸಂಗತಿಯಲ್ಲ. ಊರಿನ ಮನೆ ಮಾರಾಟವಾಗಿರುತ್ತದೆ. ಮೊಮ್ಮಕ್ಕಳಿಗೆ ಕನ್ನಡ ಕಿವಿಗೆ ಬೀಳುವುದೇ ಹೊರತು ಕಣ್ಣಿಗೆ ದಕ್ಕುವುದಿಲ್ಲ. ತಾನು ಕಣ್ಮುಚ್ಚಿದೊಡನೆ ಈ ಹೆಸರುಗಳೆಲ್ಲ ಅಳಿದುಹೋಗುವುವೆಂಬ ಕಳವಳ ಹುಟ್ಟುವುದು ಸಹಜವೇ. ಆದರೆ ಹೀಗೆ ಉತ್ಸಾಹದಿಂದ ಆರಂಭವಾದ ಕಾರ್ಯವು ಆರು ತಿಂಗಳು ಕಳೆಯುವಷ್ಟರಲ್ಲಿ ನಿದ್ರೆಯನ್ನು ಕೆಡಿಸುವ ಚಿಂತೆಯಾಗಿ ಪರಿಣಮಿಸುವುದುಂಟು. ಊಟದ ಮೇಜಿನ ತುಂಬ ಕಾಗದಗಳು. ಅರ್ಧಕ್ಕೆ ನಿಂತ ಪಟ್ಟಿಗಳು. ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳುವರೆಂದು ದೂರವಾಣಿಗೆ ಉತ್ತರಿಸದ ಬಂಧುಗಳು. ಈ ವಿಷಯಕ್ಕೆ ಆರೋಗ್ಯದ ಪುಟಗಳಲ್ಲಿ ಸ್ಥಳವಿರುವುದು ಈ ಕಾರಣದಿಂದಲೇ.

ಆಯಾಸದ ಮೊದಲ ಬೀಜ ಗಣಿತದಲ್ಲಿದೆ. ತಂದೆತಾಯಿಗಳು ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ಹೆತ್ತವರು ಎಂಟು ಮಂದಿ. ಹತ್ತನೆಯ ತಲೆಗೆ ಹೋದರೆ 1,024 ಸ್ಥಾನಗಳು. ಇಪ್ಪತ್ತನೆಯದರಲ್ಲಿ ಹತ್ತು ಲಕ್ಷವನ್ನು ಮೀರುತ್ತವೆ. ವಾಸ್ತವದಲ್ಲಿ ಅಷ್ಟು ಮಂದಿ ಬೇರೆ ಬೇರೆ ಪೂರ್ವಜರು ಇರಲಿಲ್ಲ. ಬಂಧುಗಳೊಳಗೇ ವಿವಾಹಗಳು ನಡೆದು ಒಬ್ಬನೇ ಹಲವು ಸ್ಥಾನಗಳಲ್ಲಿ ಕಾಣಿಸಿಕೊಳ್ಳುತ್ತಾನೆ. ಅಕ್ಕನ ಮಗಳನ್ನು ತಂದುಕೊಂಡ ಮನೆಯಲ್ಲಿ ಮಗುವಿಗೆ ತಂದೆಯ ಕಡೆಯಿಂದ ಅಜ್ಜನಾದವನೇ ತಾಯಿಯ ಕಡೆಯಿಂದ ಮುತ್ತಜ್ಜ. ಅಚ್ಚಾದ ನಮೂನೆಯಲ್ಲಿ ಇದನ್ನು ತುಂಬಲು ಹೊರಟವನು ತನ್ನ ಲೆಕ್ಕವೇ ತಪ್ಪಿತೆಂದು ತಲೆಯ ಮೇಲೆ ಕೈಯಿಟ್ಟುಕೊಳ್ಳುತ್ತಾನೆ. ತಪ್ಪು ಅವನದಲ್ಲ, ನಮೂನೆಯದು. ಅಳಿಯಸಂತಾನದ ಮನೆಗಳಲ್ಲಂತೂ ತಂದೆಯಿಂದ ಮಗನಿಗೆ ಗೆರೆಯೆಳೆಯುವ ವಂಶವೃಕ್ಷವು ಬುಡವನ್ನೇ ಮರೆತ ಮರವಾಗುತ್ತದೆ.

ಎರಡನೆಯದು ದಫ್ತರಗಳ ಮೋಹ. 1956ರ ನವೆಂಬರ್ 1ಕ್ಕೆ ಮೊದಲು ಕನ್ನಡನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತಷ್ಟೆ. ಧಾರವಾಡ, ಬೆಳಗಾವಿ, ಬಿಜಾಪುರಗಳು ಮುಂಬಯಿಗೆ. ದಕ್ಷಿಣ ಕನ್ನಡ ಮದರಾಸಿಗೆ. ಬೀದರ, ಕಲಬುರ್ಗಿ, ರಾಯಚೂರುಗಳು ನಿಜಾಮರ ಹೈದರಾಬಾದಿಗೆ. ಉತ್ತರ ಕನ್ನಡವು 1862ರವರೆಗೆ ಮದರಾಸಿನಲ್ಲಿದ್ದು ಆಮೇಲೆ ಮುಂಬಯಿಗೆ ಸೇರಿತು. ಹೀಗಾಗಿ ಹೊಟ್ಟೆಪಾಡಿಗೆಂದು ಈ ನಗರಗಳಿಗೆ ಬಂದವನು ತನಗರಿವಿಲ್ಲದೆಯೇ ತನ್ನ ತಾಲೂಕಿನ ಹಳೆಯ ಕಾಗದಗಳ ನೆರೆಯಲ್ಲಿ ವಾಸಿಸುತ್ತಿರುತ್ತಾನೆ. ಎಗ್ಮೋರಿನ ಪತ್ರಾಗಾರಕ್ಕೋ ಮುಂಬಯಿಯ ಪತ್ರಾಗಾರಕ್ಕೋ ಬಸ್ಸಿನಲ್ಲಿ ಹೋಗಬಹುದಲ್ಲ ಎಂಬ ಅನುಕೂಲವೇ ಬಲೆಯಾಗುತ್ತದೆ. ಒಂದೆಡೆ ಮೋಡಿ ಲಿಪಿ, ಇನ್ನೊಂದೆಡೆ ಪಾರಸಿ, ಉರ್ದು, ಮತ್ತೊಂದೆಡೆ ಕಂಪನಿ ಕಾಲದ ಇಂಗ್ಲಿಷು. ಒಂದು ಕಟ್ಟನ್ನು ಬಿಚ್ಚಿದರೆ ಮತ್ತೆ ಹತ್ತು ಕಟ್ಟುಗಳ ಹೆಸರು ಹೊರಬೀಳುತ್ತದೆ. ಇಷ್ಟು ಶ್ರಮಪಟ್ಟರೂ ದೊರೆಯುವುದೇನು? ಸರಕಾರವು ಬರೆದಿಟ್ಟುಕೊಂಡದ್ದು ಬಹುಮಟ್ಟಿಗೆ ಭೂಮಿಯನ್ನು ಮತ್ತು ಕಂದಾಯವನ್ನು. ಹೊಲವಿಲ್ಲದವನು ಅಲ್ಲಿ ಸಿಗುವುದು ಕಷ್ಟ. ಹೆಂಗಸರ ಹೆಸರು ಇನ್ನೂ ಕಷ್ಟ. ಈ ಶೋಧನೆ ವಿದ್ವಾಂಸರಿಗೆ ಜೀವನವೃತ್ತಿ. ಗೃಹಸ್ಥನು ಅದನ್ನು ಹವ್ಯಾಸವೆಂದು ತಿಳಿದು ಪ್ರವೇಶಿಸಿದರೆ ದಣಿವಲ್ಲದೆ ಬೇರೇನು ಬಂದೀತು?

ಹಿಂದಿನವರು ಈ ಕೆಲಸವನ್ನು ಒಬ್ಬನ ಹೆಗಲಿಗೆ ಹಾಕಿರಲಿಲ್ಲವೆಂಬುದು ಗಮನಾರ್ಹ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಳವರು ಎತ್ತಿನೊಡನೆ ಒಕ್ಕಲುಮನೆಯ ಬಾಗಿಲಿಗೆ ಬಂದು ಮನೆತನದ ತಲೆಮಾರುಗಳನ್ನು ಒಪ್ಪಿಸುತ್ತಿದ್ದರು. ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಳು ಪಡೆದು ಮುಂದಿನ ಮನೆಗೆ ನಡೆಯುತ್ತಿದ್ದರು. ಹರಿದ್ವಾರದ ಪಂಡರ ಬಹಿಗಳದೂ ಇದೇ ರೀತಿ: ಯಾತ್ರಿಕನು ತನ್ನ ವೇಳೆಯ ಹೆಸರುಗಳನ್ನು ಬರೆಯಿಸಿ ಹಿಂತಿರುಗುತ್ತಾನೆ. ವಂಶದ ನೆನಪನ್ನು ಹೊರುವುದು ಒಂದು ಸಮುದಾಯದ ಕಸುಬಾಗಿತ್ತು. ಮನೆಯ ಯಜಮಾನ ಕೇಳಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದ. ಇಂದು ಎರಡು ಕೋಣೆಯ ಮನೆಯಲ್ಲಿ ಒಬ್ಬ ಮುದುಕ ಹೆಳವನೂ ಆಗಿ, ಪಂಡನೂ ಆಗಿ, ಗುಮಾಸ್ತನೂ ಆಗಿ ಹೆಣಗುತ್ತಾನೆ.

ಎಲ್ಲಿಗೆ ನಿಲ್ಲಬೇಕೆಂಬುದಕ್ಕೆ ಸಂಪ್ರದಾಯದಲ್ಲೇ ಒಂದು ಅಳತೆಯಿದೆ. ಶ್ರಾದ್ಧದಲ್ಲಿ ಹೆಸರು ಹೇಳಿ ಪಿಂಡವಿಡುವುದು ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಗಳಿಗೆ. ಅದರಾಚೆಯವರು ಪೂಜ್ಯರಲ್ಲವೆಂದಲ್ಲ, ಅವರನ್ನು ಹೆಸರಿಲ್ಲದೆ ಒಟ್ಟಾಗಿ ನೆನೆದರೆ ಸಾಕೆಂದು. ವಿಚಿತ್ರವೆಂದರೆ, ಅನುವಂಶಿಕ ರೋಗಗಳನ್ನು ವಿಚಾರಿಸುವ ವೈದ್ಯನೂ ಬಹುತೇಕ ಮೂರು ತಲೆಮಾರುಗಳನ್ನೇ ಕೇಳುತ್ತಾನೆ. ಯಾರಿಗೆ ಸಿಹಿಮೂತ್ರವಿತ್ತು, ಯಾರಿಗೆ ರಕ್ತದ ಒತ್ತಡವಿತ್ತು, ಹೃದಯಾಘಾತ ಯಾವ ವಯಸ್ಸಿನಲ್ಲಾಯಿತು, ಅರ್ಬುದ ಯಾರಿಗೆ, ಎಳೆಯ ಮಕ್ಕಳು ಸತ್ತರೆ ಏನಾಗಿ ಸತ್ತರು, ವಿವಾಹಗಳು ರಕ್ತಸಂಬಂಧದಲ್ಲಿ ನಡೆದಿದ್ದವೇ. ಇಷ್ಟು ಬರೆದ ಒಂದು ಹಾಳೆಯು ಯಾವುದೋ ರಾಜಗುರುವಿನವರೆಗೆ ಹಬ್ಬಿಸಿದ ಹದಿನೇಳು ತಲೆಗಳ ಪಟ್ಟಿಗಿಂತ ಮೊಮ್ಮಗಳಿಗೆ ಹೆಚ್ಚು ಉಪಯುಕ್ತ. ಅಂತಹ ಪಟ್ಟಿಗಳಲ್ಲಿ ರಾಜಗುರುಗಳೇ ಸಿಗುತ್ತಾರೆ. ಕೂಲಿಯವನು ಯಾರಿಗೂ ಪೂರ್ವಜನಾಗಿರುವುದಿಲ್ಲ!

ಇಷ್ಟಕ್ಕೇ ಮುಗಿಯುವುದಿಲ್ಲ. ಮನಸ್ಸನ್ನು ನಿಜವಾಗಿ ಕುಗ್ಗಿಸುವುದು ಸಿಗದ ಹೆಸರಲ್ಲ, ಸಿಕ್ಕಿದ ಹೆಸರು. 1896ರಲ್ಲಿ ಮುಂಬಯಿಗೆ ಬಂದು ಮುಂದೆ ಕನ್ನಡ ಪ್ರಾಂತಗಳಿಗೂ ಹಬ್ಬಿದ ಪ್ಲೇಗು, 1918ರ ಇನ್‌ಫ್ಲುಯೆಂಜಾ: ಇವು ಪುಸ್ತಕದಲ್ಲಿ ಇಸವಿಗಳು, ಮನೆಯ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿ ನಿಂತ ನಾಲ್ಕು ಮಕ್ಕಳು. ಮುತ್ತಜ್ಜನ ಮೊದಲ ಹೆಂಡತಿ ಹದಿನೈದನೆಯ ವಯಸ್ಸಿನಲ್ಲಿ ಬಾಣಂತಿತನದಲ್ಲಿ ತೀರಿಕೊಂಡಳೆಂದು ತಿಳಿಯುತ್ತದೆ, ಹೆಸರು ತಿಳಿಯುವುದಿಲ್ಲ. ಮದುವೆಯಲ್ಲಿ ಹೆಸರನ್ನೇ ಬದಲಿಸುವ ರೂಢಿಯಿದ್ದ ಮನೆಗಳಲ್ಲಿ ಹೆಣ್ಣು ಎರಡು ಬಾರಿ ಕಳೆದುಹೋಗುತ್ತಾಳೆ. ಯಾರೂ ಮಾತೆತ್ತದ ಒಬ್ಬ ವಿಧವೆ, ಮುಚ್ಚಿಟ್ಟ ದತ್ತು, ಮನೆಬಿಟ್ಟು ಹೋದ ಮಗ ಇಂಥವರು ಹಳೆಯ ಕಾಗದಗಳಿಂದ ಎದ್ದು ಬರುತ್ತಾರೆ. ರಾತ್ರಿ ಹನ್ನೊಂದು ಗಂಟೆಗೆ ಒಂಟಿಯಾಗಿ ಕುಳಿತು ಇವರನ್ನು ಎದುರುಗೊಳ್ಳುವುದು ಆರೋಗ್ಯಕರವಲ್ಲ. ಸಿಕ್ಕ ಕೂಡಲೇ ಬಂಧುಗಳ ವಾಟ್ಸಪ್ ಗುಂಪಿನಲ್ಲಿ ಸಾರುವುದೂ ವಿವೇಕವಲ್ಲ. ಆ ನೋವಿನ ವಾರಸುದಾರರು ಇನ್ನೂ ಬದುಕಿರಬಹುದು. ಹಾಗೆಂದು ಅಳಿಸಿಹಾಕುವುದು ಅದಕ್ಕಿಂತ ದೊಡ್ಡ ಅನ್ಯಾಯ. ಬರೆದು, ಲಕೋಟೆಯಲ್ಲಿಟ್ಟು, ಮನೆಯಲ್ಲಿ ನಂಬಿಕೆಯುಳ್ಳ ಒಬ್ಬರೊಡನೆ ಮಾತಾಡಿದರೆ ಎದೆಯ ಭಾರ ಎಷ್ಟೋ ಇಳಿಯುತ್ತದೆ. ನಿದ್ರಾಹೀನತೆ, ಅರುಚಿ, ಬೇಸರಗಳು ಎರಡು ವಾರಗಳನ್ನು ಮೀರಿದರೆ ಕಾಗದಗಳನ್ನು ಕಟ್ಟಿಟ್ಟು ವೈದ್ಯರನ್ನು ಕಾಣತಕ್ಕದ್ದು. ಅದನ್ನು ವೃದ್ಧಾಪ್ಯದ ಗೊಣಗಾಟವೆಂದು ಮನೆಯವರು ತಳ್ಳಿಹಾಕಬಾರದು.

ಕೆಲಸವನ್ನು ಬಿಡಬೇಕಾಗಿಲ್ಲ, ಕಿರಿದುಗೊಳಿಸಬೇಕು. ವಾರಕ್ಕೆ ಎರಡು ಹಗಲು, ಒಂದೊಂದು ತಾಸು. ಒಂದು ಸಲಕ್ಕೆ ಒಂದೇ ಕವಲು, ಒಂದೇ ಪ್ರಶ್ನೆ. ತಾಯಿಯ ಕಡೆಯದನ್ನು ತಂಗಿಗೋ ಸೋದರಳಿಯನಿಗೋ ಒಪ್ಪಿಸಬಹುದು. ಗೊತ್ತಾಗದ ಕಡೆ ‘ತಿಳಿಯದು’ ಎಂದು ಬರೆದು ಪುಟವನ್ನು ತಿರುವಿಹಾಕುವ ಧೈರ್ಯ ಬೇಕು. ದಫ್ತರಗಳು ಇನ್ನೂ ಕೆಲವು ವರ್ಷ ಕಾದಾವು; ಹುಬ್ಬಳ್ಳಿಯಲ್ಲೋ ಉಡುಪಿಯಲ್ಲೋ ಇರುವ ತೊಂಬತ್ತರ ಸೋದರತ್ತೆ ಕಾಯಲಾರಳು. ಮೊದಲು ಹೋಗಬೇಕಾದದ್ದು ಅವಳಲ್ಲಿಗೆ. ಅವಳನ್ನು ಇಸವಿಗಳ ಬಗೆಗೆ ಪೀಡಿಸದೆ, ಊರು ಬಿಟ್ಟು ನಗರಕ್ಕೆ ಮೊದಲು ಬಂದವರು ಯಾರು, ಯಾರ ಮನೆಯಲ್ಲಿ ಇಳಿದರು, ಮೊದಲ ಸಂಬಳದಲ್ಲಿ ಊರಿಗೆ ಏನು ಕಳಿಸಿದರು ಎಂದು ಕೇಳಿ, ಅವಳ ಮಾತನ್ನು ಮೊಬೈಲಿನಲ್ಲಿ ಅವಳ ಒಪ್ಪಿಗೆಯಿಂದ ಮುದ್ರಿಸಿಕೊಳ್ಳಬಹುದು. ಆಮೇಲೆ ಆ ಮೂರು ತಲೆಗಳ ಹೆಸರುಗಳನ್ನು ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಮೊಮ್ಮಕ್ಕಳು ಓದಬಲ್ಲ ಲಿಪಿಯಲ್ಲೂ, ಅದು ದೇವನಾಗರಿಯಾಗಲಿ, ತಮಿಳಾಗಲಿ, ತೆಲುಗಾಗಲಿ, ಬರೆದಿಡಬೇಕಾಗುತ್ತದೆ. ಇದಕ್ಕೆ ಸಂಕೋಚಪಡಬೇಕಾದುದೇನೂ ಇಲ್ಲ.