ಶೈತ್ಯದಲ್ಲಿಟ್ಟ ಭ್ರೂಣಕ್ಕೆ ಹೊಣೆ ಯಾರು?

ಸಂತಾನವಿಲ್ಲದ ದಂಪತಿಗಳು ಮಠಕ್ಕೆ ಬಂದು ಗುರುಸನ್ನಿಧಿಯಲ್ಲಿ ದುಃಖವನ್ನು ತೋಡಿಕೊಳ್ಳುವುದು ಹೊಸತಲ್ಲ. ಇತ್ತೀಚೆಗೆ ಅವರ ಪ್ರಶ್ನೆ ಮಾತ್ರ ಬದಲಾಗಿದೆ. ಐವಿಎಫ್ ಚಿಕಿತ್ಸೆಯಲ್ಲಿ ಉಳಿದ ಭ್ರೂಣಗಳನ್ನು ಶೈತ್ಯದಲ್ಲಿ ಇಡಿಸಬಹುದೇ, ಅದು ಧರ್ಮಕ್ಕೆ ವಿರುದ್ಧವೇ ಎಂದು ಕೇಳುತ್ತಾರೆ. ವಿರುದ್ಧವಲ್ಲವೆಂಬುದೇ ನಮ್ಮ ಅಭಿಪ್ರಾಯ. ಆದರೆ ಇಡಿಸುವ ಮುನ್ನವೇ, ಮುಂದೆ ಅವುಗಳ ಗತಿಯೇನು ಎಂಬುದನ್ನು ಪತಿಪತ್ನಿಯರಿಬ್ಬರೂ ಕೂಡಿ ನಿರ್ಧರಿಸಬೇಕು.

ಈ ಚಿಕಿತ್ಸೆಯಲ್ಲಿ ಚುಚ್ಚುಮದ್ದುಗಳ ಮೂಲಕ ಹಲವು ಅಂಡಾಣುಗಳು ಏಕಕಾಲಕ್ಕೆ ಪಕ್ವವಾಗುವಂತೆ ಮಾಡಿ, ಅವನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ವೀರ್ಯಾಣುವಿನೊಡನೆ ಕೂಡಿಸುತ್ತಾರೆ. ಒಂದೆರಡು ಭ್ರೂಣಗಳನ್ನು ಗರ್ಭಾಶಯದಲ್ಲಿರಿಸಿ, ಉಳಿದವನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಕಾಪಿಡುತ್ತಾರೆ. ಮೊದಲ ಯತ್ನ ಫಲಿಸದಿದ್ದರೆ ಆ ತಾಯಿ ಮತ್ತೆ ಅದೇ ನೋವನ್ನು ಮೊದಲಿನಿಂದ ಅನುಭವಿಸಬೇಕಾಗಿಲ್ಲ. ಆದರೂ ಇದು ಖಚಿತವಾದ ಭರವಸೆಯಲ್ಲ. ಶೈತ್ಯದಿಂದ ಹೊರತೆಗೆದಾಗ ಎಲ್ಲ ಭ್ರೂಣಗಳೂ ಉಳಿಯುವುದಿಲ್ಲ; ಉಳಿದವೆಲ್ಲ ಗರ್ಭವಾಗಿ ನಿಲ್ಲುವುದೂ ಇಲ್ಲ.

ಈ ವಿದ್ಯೆ ನಮ್ಮ ದೇಶಕ್ಕೆ ಹೊರಗಿನದಲ್ಲ. 1978ರ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ 'ದುರ್ಗಾ' ಎಂದು ಹೆಸರಾದ ಶಿಶು ಜನಿಸಿದಾಗ, ಶೈತ್ಯದಲ್ಲಿಟ್ಟ ಭ್ರೂಣದಿಂದ ಅದನ್ನು ಸಾಧಿಸಿದುದಾಗಿ ಡಾ. ಸುಭಾಷ್ ಮುಖೋಪಾಧ್ಯಾಯರು ತಿಳಿಸಿದರು. ಸರ್ಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ವಿಜ್ಞಾನಿ ಟಿ.ಸಿ. ಆನಂದಕುಮಾರ್ ಅವರು ದಾಖಲೆಗಳನ್ನು ಪರಿಶೀಲಿಸಿ, ಮೊದಲಿಗರ ಗೌರವ ಮುಖೋಪಾಧ್ಯಾಯರಿಗೇ ಸಲ್ಲಬೇಕೆಂದು 1997ರಲ್ಲಿ ಸಾರಿದರು. ಅಂದು ವೈದ್ಯನನ್ನು ಬಲಿತೆಗೆದುಕೊಂಡ ಅಪನಂಬಿಕೆ ಇಂದು ಚಿಕಿತ್ಸೆಗೆ ಹೋದ ಹೆಣ್ಣುಮಗಳನ್ನು ಕಾಡುತ್ತಿದೆ. ಅದು ನಿಲ್ಲಬೇಕು.

ನಮ್ಮ ಬಯಲುಸೀಮೆಯವರಿಗೆ ಸಂಗ್ರಹದ ಅರ್ಥವನ್ನು ಹೇಳಿಕೊಡಬೇಕಾಗಿಲ್ಲ. ಚಂದ್ರವಳ್ಳಿಯ ಕೆರೆಯ ವಿಷಯವನ್ನು ಕದಂಬ ಮಯೂರಶರ್ಮನ ಶಾಸನವೇ ಹೇಳುತ್ತದೆ. ಈ ಸೀಮೆಯಲ್ಲಿ ಕೆರೆಗೆ ಏರಿ ಕಟ್ಟಿದ ಹಿರಿಯರು ತೂಬನ್ನೂ ಕೋಡಿಯನ್ನೂ ಇರಿಸಿದರು. ಹಿಡಿದಿಡುವ ದಿನವೇ ಬಿಡುವ ದಾರಿಯನ್ನೂ ಯೋಚಿಸಿದರು. ಭ್ರೂಣದ ವಿಷಯದಲ್ಲಿಯೂ ಇದೇ ವಿವೇಕ ಬೇಕು.

ಸಂತಾನೋತ್ಪತ್ತಿ ನೆರವಿನ ತಂತ್ರಜ್ಞಾನವನ್ನು ನಿಯಂತ್ರಿಸುವ 2021ರ ಕೇಂದ್ರ ಕಾಯ್ದೆಯಂತೆ ಭ್ರೂಣಗಳನ್ನು 10 ವರ್ಷಗಳಿಗಿಂತ ಹೆಚ್ಚು ಕಾಲ ಇಡುವಂತಿಲ್ಲ. ಅವಧಿ ಮುಗಿದ ಮೇಲೆ ಅವು ತಾವಾಗಿ ನಶಿಸಲು ಬಿಡಬೇಕು, ಇಲ್ಲವೇ ದಂಪತಿಗಳ ಒಪ್ಪಿಗೆಯಿಂದ ನೋಂದಾಯಿತ ಸಂಶೋಧನಾ ಸಂಸ್ಥೆಗೆ ನೀಡಬೇಕು. ಲಿಖಿತ ಒಪ್ಪಿಗೆ ಕಡ್ಡಾಯ. ಭ್ರೂಣವನ್ನು ಗರ್ಭಾಶಯದಲ್ಲಿರಿಸುವ ತನಕ ಅದನ್ನು ಹಿಂತೆಗೆದುಕೊಳ್ಳಲೂ ಅವಕಾಶವಿದೆ. ಗಂಡೋ ಹೆಣ್ಣೋ ಎಂದು ಆರಿಸುವುದು ಅಪರಾಧ. ಆದುದರಿಂದ ಒಪ್ಪಿಗೆ ಪತ್ರವನ್ನು ಓದದೆ, ಓದಿಸಿಕೊಳ್ಳದೆ ಸಹಿ ಹಾಕಬೇಡಿರಿ. ಪ್ರತಿವರ್ಷದ ಶುಲ್ಕವೆಷ್ಟು, ದಂಪತಿಗಳಲ್ಲಿ ಒಬ್ಬರು ತೀರಿಕೊಂಡರೆ ಅಥವಾ ಬೇರ್ಪಟ್ಟರೆ ಮುಂದೇನು ಎಂಬುದನ್ನು ಕೇಳಿ ಬರೆಸಿಕೊಳ್ಳಿರಿ.

ಗರ್ಭಸ್ಥ ಶಿಶುವಿಗೂ ಲಿಂಗಸಂಸ್ಕಾರ ನೀಡುವ ಪರಂಪರೆ ನಮ್ಮದು. ಆ ಗೌರವವುಳ್ಳವರು ತಮ್ಮ ಭ್ರೂಣಗಳನ್ನು ಶೈತ್ಯದಲ್ಲಿರಿಸಿ ಮರೆಯಲಾಗದು. ಹಾಗೆಯೇ ಹೆಣ್ಣುಮಗಳ ದೇಹದ ಮೇಲಿನ ತೀರ್ಮಾನವನ್ನು ಅತ್ತೆಮಾವಂದಿರು ಕೈಗೊಳ್ಳುವುದೂ ಸಲ್ಲದು. ಕೊರತೆ ಗಂಡಿನಲ್ಲಿಯೂ ಇರಬಹುದು. ಪರೀಕ್ಷೆ ಇಬ್ಬರಿಗೂ ಆಗಲಿ. 'ಬಂಜೆ' ಎಂಬ ಮಾತು ಶರಣರ ಮನೆಯಲ್ಲಿ ಕೇಳಬಾರದು. ಮಗುವಾದರೆ ಸಂತೋಷ, ಆಗದಿದ್ದರೂ ಆ ದಾಂಪತ್ಯ ಪೂರ್ಣವೇ.