ಕಿಟಕಿಯ ಅಲಂಕಾರಕ್ಕೆ ಎಷ್ಟು ದುಡಿಮೆ?

ಐನಾಪುರದಂಥ ಊರಿನಲ್ಲಿ ಮಕ್ಕಳ ಓದಿಗೆಂದು ಕೊಂಡ ಕಂಪ್ಯೂಟರ್ ನಾಲ್ಕಾರು ವರ್ಷಗಳಲ್ಲಿ ನಿಧಾನವಾದರೆ, ಹೊಸದಕ್ಕೆ ಹಣ ಹೊಂದಿಸುವ ಚಿಂತೆ ಪಾಲಕರದು. ಅದಕ್ಕೆ ಮೊದಲು, ಯಂತ್ರದ ಶಕ್ತಿ ಎಲ್ಲಿ ಖರ್ಚಾಗುತ್ತಿದೆ ಎಂದು ತಿಳಿಯುವುದು ಒಳ್ಳೆಯದು.

ಡಾಸ್ ಕಾಲದ ಪರದೆಯಲ್ಲಿ 25 ಸಾಲು, ಸಾಲಿಗೆ 80 ಅಕ್ಷರ. ಒಟ್ಟು 2000 ಅಕ್ಷರಗಳ ಲೆಕ್ಕ ಇಟ್ಟರೆ ಸಾಕಿತ್ತು. ವಿಂಡೋಸ್‌ನಂಥ ಕಿಟಕಿ ವ್ಯವಸ್ಥೆಯಲ್ಲಿ ಅಕ್ಷರವೂ ಒಂದು ಚಿತ್ರವೇ. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುವ ಪರದೆಯೆಂದರೆ ಸುಮಾರು 20 ಲಕ್ಷ ಚುಕ್ಕೆಗಳು. ಪ್ರತಿಯೊಂದಕ್ಕೂ ಬಣ್ಣ ಗೊತ್ತುಪಡಿಸಬೇಕು. ಕಿಟಕಿಯೊಂದನ್ನು ಸರಿಸಿದರೆ ಅದರ ಹಿಂದೆ ಅಡಗಿದ್ದುದನ್ನೂ ತೋರಿಸಬೇಕು. ನೆರಳು, ಪಾರದರ್ಶಕ ಅಂಚು, ಚಲನೆ ಸೇರಿದರೆ ಕೆಲಸ ಇನ್ನೂ ಹೆಚ್ಚು. ಈ ಹೊರೆಯನ್ನು ಗ್ರಾಫಿಕ್ಸ್ ಚಿಪ್ ಹೊರುತ್ತದೆ; ಅದು ದುರ್ಬಲವಾಗಿದ್ದರೆ ಪ್ರೊಸೆಸರ್ ಹೆಗಲೇರುತ್ತದೆ.

ಅಲಂಕಾರ ಕಡಿಮೆಯಾದರೆ ಸಣ್ಣ ಯಂತ್ರವೂ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್‌ಕೋರ್ ಕಂಪನಿಯ ತಂತ್ರಜ್ಞರು ಸೇರಿ 2001ರಲ್ಲಿ ರೂಪಿಸಿದ ಸಿಂಪ್ಯೂಟರ್, 206 ಮೆಗಾಹರ್ಟ್ಸ್ ವೇಗದ ಪ್ರೊಸೆಸರ್‌ನಲ್ಲೇ ಲಿನಕ್ಸ್ ಮತ್ತು ಸ್ಪರ್ಶ ಪರದೆಯನ್ನು ನಡೆಸುತ್ತಿತ್ತು.

ಆದ್ದರಿಂದ ವಿದ್ಯಾರ್ಥಿಗಳು ಮೊದಲು ನೆರಳು, ಚಲನೆಗಳನ್ನು ಆಫ್ ಮಾಡಿ, ಬೇಡದ ಕಿಟಕಿಗಳನ್ನು ಮುಚ್ಚಿ ನೋಡಲಿ. ಸಾಲದಿದ್ದರೆ ಎಕ್ಸ್‌ಎಫ್‌ಸಿಇಯಂಥ ಹಗುರ ಕಿಟಕಿ ವ್ಯವಸ್ಥೆಯಿರುವ ಲಿನಕ್ಸ್ ಪ್ರಯತ್ನಿಸಲಿ, ಅದು ಉಚಿತ. ಪತ್ರ ಬರೆಯಲು, ಪ್ರೋಗ್ರಾಮಿಂಗ್ ಕಲಿಯಲು ಹಳೆಯ ಯಂತ್ರವೇ ಸಾಕಾದೀತು.