ಮಣ್ಣಿನ ಗುಡಿ, ಮಳೆಯ ಭಯ

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಮರಗಿಡಗಳಿಲ್ಲದ ಬೋಳು ಬೆಟ್ಟ. ಮುಂಗಾರು ಮೋಡಗಳು ಹಿಮಾಲಯದ ದಕ್ಷಿಣ ಇಳಿಜಾರಿನಲ್ಲೇ ಸುರಿದು ಬರಿದಾಗುವುದರಿಂದ ಆಚೆಗೆ ದಾಟುವುದು ಬಹುಪಾಲು ಒಣ ಗಾಳಿ. ತಾಬೊ ಬೌದ್ಧ ವಿಹಾರವನ್ನು ಸಾವಿರ ವರ್ಷ ಕಾಯ್ದದ್ದು ಈ ಒಣ ಹವೆಯೇ. ಕ್ರಿ.ಶ. 996ರಲ್ಲಿ ಸ್ಥಾಪನೆಯಾದ ಇದರ ಗೋಡೆ ಮಣ್ಣು, ಮರದ ತೊಲೆಗಳ ಮೇಲಿನ ಮಾಳಿಗೆ ಮಣ್ಣು, ಒಳಗಿನ ಬೋಧಿಸತ್ತ್ವರೂ ಮಣ್ಣಿನವರೇ! 1975ರ ಕಿನ್ನೌರ್ ಭೂಕಂಪದಲ್ಲಿ ಪೆಟ್ಟು ತಿಂದರೂ ಹಳೆಯ ಗುಡಿ ನಿಂತಿತು. ಈಗಿನ ಭಯ ನೀರಿನದು. ಹವೆ ಬಿಸಿಯಾದಂತೆ ಹಿಮ ಬೀಳಬೇಕಾದಲ್ಲಿ ಆಗಾಗ ಮಳೆ ಸುರಿಯುತ್ತಿದೆ. ಹಿಮವನ್ನಾದರೆ ಸಲಿಕೆಯಿಂದ ತಳ್ಳಬಹುದು. ಮಳೆನೀರು ಮಾಳಿಗೆಯೊಳಕ್ಕೇ ಇಳಿಯುತ್ತದೆ. ಒಳಗೆ ಟಾರ್ಚ್ ಹಿಡಿದು ನೋಡಿದರೆ, ಭಿತ್ತಿಚಿತ್ರಗಳ ಮೇಲೆ ಕೆಸರುನೀರು ಹರಿದ ಗೆರೆಗಳು ಕಾಣುತ್ತವೆ.